ಮರ್ಗಟ್ರಾಯ್ಡ್: ಒಂದು ವಿರಳ ಇಂಗ್ಲಿಷ್ ಮನೆತನದ ಹೆಸರಿನ ಮೂಲ ಮತ್ತು ವ್ಯಾಪ್ತಿ

೧

ಭಾಷಾವಿಜ್ಞಾನ, ಚರಿತ್ರೆ, ಭೂಗೋಳ ಈ ಮೂರೂ ಶಾಸ್ತ್ರಗಳು ಒಂದೆಡೆ ಕೂಡುವ ಕ್ಷೇತ್ರ ನಾಮವಿಜ್ಞಾನ. ಕನ್ನಡದಲ್ಲಿ ಈ ಕ್ಷೇತ್ರದ ದುಡಿಮೆಯೆಲ್ಲ ಹೆಚ್ಚಾಗಿ ಸ್ಥಳನಾಮಗಳ ಸುತ್ತ ನಡೆದಿದೆ. ಶಂಬಾ ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಊರ ಹೆಸರುಗಳ ಆಧಾರದಿಂದ ಕನ್ನಡದ ಹಳೆಯ ಎಲ್ಲೆಗಳನ್ನು ಅರಸಿದ್ದು ವಿದ್ವಾಂಸರಿಗೆ ತಿಳಿದ ಸಂಗತಿ. ಮನೆತನದ ಹೆಸರುಗಳ ವಿಚಾರ ಇದಕ್ಕೆ ತೀರ ಹತ್ತಿರದ್ದಾದರೂ ಅದರ ಸ್ವಭಾವ ಬೇರೆ. ಊರಿನ ಹೆಸರು ನೆಲವನ್ನು ಹಿಡಿದು ನಿಂತಿರುತ್ತದೆ. ಅದೇ ಹೆಸರು ಮನೆತನಕ್ಕೆ ಅಂಟಿಕೊಂಡಾಗ ಜನರೊಡನೆ ನಡೆಯತೊಡಗುತ್ತದೆ. ನಡೆದು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಮೊದಲ ನೆಲವನ್ನು ಮತ್ತೆ ಕಾಣಬಹುದೇ ಎಂಬುದು ಈ ಅಧ್ಯಯನದ ಮೂಲಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವನ್ನು ಅರಿಯಲು ಇಂಗ್ಲೆಂಡಿನ ಮರ್ಗಟ್ರಾಯ್ಡ್ ಎಂಬ ಹೆಸರು ಒಳ್ಳೆಯ ನಿದರ್ಶನ. ಸ್ಮಿತ್, ಟೇಲರ್, ರೈಟ್ ಮೊದಲಾದ ಹೆಸರುಗಳು ಕಸುಬಿನಿಂದ ಬಂದಂಥವು. ಕಮ್ಮಾರನಿಲ್ಲದ ಊರಿಲ್ಲವಾದ್ದರಿಂದ ಸ್ಮಿತ್ ಎಂಬ ಹೆಸರು ನೂರಾರು ಕಡೆ ಸ್ವತಂತ್ರವಾಗಿ ಹುಟ್ಟಿತು. ಅದರ ಮೂಲಸ್ಥಾನವನ್ನು ಕೇಳುವುದೇ ಅಸಂಗತ. ಮರ್ಗಟ್ರಾಯ್ಡ್ ಹಾಗಲ್ಲ. ಅದರ ಮೂಲ ಒಂದೇ ಕಣಿವೆಯಲ್ಲಿ, ಒಂದೇ ಹಿಡುವಳಿಯಲ್ಲಿ ಇದೆ.

೨

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಪಶ್ಚಿಮ ಭಾಗವನ್ನು ಹಿಂದೆ ವೆಸ್ಟ್ ರೈಡಿಂಗ್ ಎಂದು ಕರೆಯುತ್ತಿದ್ದರು. ಅಲ್ಲಿ ಪೆನೈನ್ ಬೆಟ್ಟಸಾಲಿನ ಇಳಿಜಾರಿನಲ್ಲಿ, ಕಾಲ್ಡರ್ ನದಿಯ ಕಣಿವೆಯ ಬದಿಗೆ ಹ್ಯಾಲಿಫ್ಯಾಕ್ಸ್ ಪಟ್ಟಣವಿದೆ. ಪಟ್ಟಣಕ್ಕೆ ಪಶ್ಚಿಮದಲ್ಲಿರುವ ವಾರ್ಲಿ ಎಂಬ ಗ್ರಾಮವಿಭಾಗದಲ್ಲಿ ಮರ್ಗಟ್ರಾಯ್ಡ್ ಎಂಬ ಹೆಸರಿನ ಹಿಡುವಳಿಯೊಂದಿತ್ತು. ೧೩೭೧ರಲ್ಲಿ ವಾರ್ಲಿಗೆ ಕಾನ್‌ಸ್ಟೇಬಲ್ ಆಗಿ ನೇಮಕವಾದವನ ಹೆಸರು ‘ಯೋಹಾನಸ್ ದೆ ಮೋರ್ಗಟೆರಾಯ್ಡ್’ ಎಂದು ದಾಖಲಾಗಿದೆ. ಇಲ್ಲಿಯ ‘ದೆ’ ಎಂಬುದು ‘ಅಲ್ಲಿಯ, ಅಲ್ಲಿಂದ ಬಂದ’ ಎಂಬರ್ಥವನ್ನು ಕೊಡುವ ಪದ. ಮರಾಠಿಯ ‘ಕರ್’ ಪ್ರತ್ಯಯವನ್ನು ಊರ ಹೆಸರಿಗೆ ಹಚ್ಚಿ ಧಾರವಾಡಕರ, ಬೆಳಗಾಂವಕರ ಎಂದು ಕರೆಯುವ ಕ್ರಮದೊಡನೆ ಇದನ್ನು ಹೋಲಿಸಬಹುದು. ಕಾಲಕ್ರಮದಲ್ಲಿ ‘ದೆ’ ಬಿದ್ದುಹೋಗಿ ಊರ ಹೆಸರಷ್ಟೇ ಮನೆತನದ ಹೆಸರಾಗಿ ಉಳಿಯಿತು.

ಹೆಸರಿನ ರಚನೆಯನ್ನು ಬಿಡಿಸಿ ನೋಡಿದರೆ ಉತ್ತರಪದವಾದ ‘ರಾಯ್ಡ್’ ಸ್ಪಷ್ಟವಾಗಿದೆ. ಸ್ಥಳನಾಮಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವಾರ್ಗಿಕ. ಹಳೆಯ ಇಂಗ್ಲಿಷಿನ ‘ರೊಡ್’ ಎಂಬ ಶಬ್ದದಿಂದ ಬಂದ ಇದಕ್ಕೆ ಕಾಡನ್ನು ಕಡಿದು ತೆರವು ಮಾಡಿದ ನೆಲ ಎಂದು ಅರ್ಥ. ಸಹ್ಯಾದ್ರಿಯ ಮಡಿಲಿನ ಓದುಗರಿಗೆ ‘ಕುಮರಿ’ ಎಂಬ ಶಬ್ದ ಕೂಡಲೇ ನೆನಪಾದೀತು. ಆದರೆ ಕುಮರಿ ಕೆಲವು ವರ್ಷ ಬಿತ್ತಿ ಬಿಟ್ಟು ಹೋಗುವ ನೆಲ; ರಾಯ್ಡ್ ಎಂಬುದು ಒಕ್ಕಲೊಂದು ನೆಲೆನಿಂತು ಮಕ್ಕಳುಮೊಮ್ಮಕ್ಕಳಿಗೆ ಬಿಟ್ಟುಹೋದ ನೆಲ.

ಪೂರ್ವಪದದ ಬಗೆಗೆ ಎರಡು ಅಭಿಪ್ರಾಯಗಳಿವೆ. ಮೊದಲನೆಯದರಂತೆ ಅದು ‘ಮೂರ್’ ಮತ್ತು ‘ಗೇಟ್’ ಎಂಬ ಎರಡು ಶಬ್ದಗಳ ಸೇರಿಕೆ. ಮೂರ್ ಎಂದರೆ ಬೆಟ್ಟದ ನೆತ್ತಿಯ ಮೇಲಣ, ಮರಗಳಿಲ್ಲದ, ಕುರಿ ಮೇಯಿಸುವ ಬಯಲು. ಗೇಟ್ ಎಂದೊಡನೆ ಇಂದಿನವರಿಗೆ ಬಾಗಿಲು ನೆನಪಾಗುವುದು ಸಹಜ. ಆದರೆ ಒಂಬತ್ತನೆಯ ಶತಮಾನದಲ್ಲಿ ಸ್ಕ್ಯಾಂಡಿನೇವಿಯದಿಂದ ಬಂದು ಯಾರ್ಕ್‌ಶೈರಿನಲ್ಲಿ ನೆಲಸಿದ ಜನರ ಭಾಷೆಯಲ್ಲಿ ‘ಗಾಟ’ ಎಂದರೆ ದಾರಿ. ಯಾರ್ಕ್ ನಗರದ ಕಾಪರ್‌ಗೇಟ್, ಮಿಕಲ್‌ಗೇಟ್ ಎಂಬ ಬೀದಿಗಳ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಇದೇ ಶಬ್ದ. ಹೀಗೆ ನೋಡಿದರೆ ಮರ್ಗಟ್ರಾಯ್ಡ್ ಎಂದರೆ ಮೇಲಿನ ಬಯಲಿಗೆ ಹೋಗುವ ದಾರಿಯ ಪಕ್ಕದ ತೆರವು. ಎರಡನೆಯ ಅಭಿಪ್ರಾಯದಂತೆ ಪೂರ್ವಪದವು ಮಾರ್ಗರೆಟ್ ಎಂಬ ಸ್ತ್ರೀನಾಮದ ಆಡುಮಾತಿನ ರೂಪ. ಆಗ ಇದು ಮಾರ್ಗರೆಟಳ ತೆರವು. ದಾರಿಯೋ ಹೆಣ್ಣುಮಗಳೋ ಎಂಬ ಈ ಪ್ರಶ್ನೆಯನ್ನು ಶಬ್ದರೂಪವೊಂದೇ ತೀರ್ಮಾನಿಸಲಾರದು. ಎರಡರಲ್ಲಿಯೂ ಉತ್ತರಪದದ ಅರ್ಥ ಅಚಲವಾಗಿದೆ.

ಹೆಸರನ್ನು ನಕ್ಷೆಯ ಮೇಲೆ ಗುರುತಿಸುವುದಕ್ಕೆ ಈ ಉತ್ತರಪದವೇ ಬಲವಾದ ಆಧಾರ. ವೆಸ್ಟ್ ರೈಡಿಂಗಿನ ಆಡುಮಾತಿನಲ್ಲಿ ಹಳೆಯ ‘ಒ’ಕಾರವು ದೀರ್ಘಗೊಂಡು ‘ಒಯ್’ ಎಂದಾಗುವುದುಂಟು. ಕಲ್ಲಿದ್ದಲಿಗೆ ಅಲ್ಲಿಯವರು ‘ಕೊಯ್ಲ್’ ಎನ್ನುತ್ತಾರೆ. ರಂಧ್ರಕ್ಕೆ ‘ಹೊಯ್ಲ್’ ಎನ್ನುತ್ತಾರೆ. ‘ರೊಡ್’ ಎಂಬುದು ‘ರಾಯ್ಡ್’ ಆದದ್ದು ಇದೇ ಧ್ವನಿನಿಯಮದಿಂದ. ಪಳ್ಳಿಯು ಹಳ್ಳಿಯಾದದ್ದನ್ನು ಕಂಡು ಕನ್ನಡದ ವಿದ್ವಾಂಸನು ಕಾಲವನ್ನು ಊಹಿಸುವಂತೆ, ಇಲ್ಲಿಯ ವಿದ್ವಾಂಸನು ‘ರಾಯ್ಡ್’ ಎಂಬುದನ್ನು ಕಂಡು ದೇಶವನ್ನು ನಿರ್ಧರಿಸುತ್ತಾನೆ. ಆಕ್‌ರಾಯ್ಡ್, ಹೋಲ್‌ರಾಯ್ಡ್, ಬೂತ್‌ರಾಯ್ಡ್, ಓಲ್ಡ್‌ರಾಯ್ಡ್, ಲಿಯರಾಯ್ಡ್ ಇವೆಲ್ಲವೂ ಇದೇ ಸೀಮೆಯ ಸೋದರನಾಮಗಳು. ಆಕ್‌ರಾಯ್ಡ್ ಎಂದರೆ ಓಕ್ ಮರಗಳ ತೆರವು. ಉಳಿದವುಗಳಲ್ಲಿಯೂ ಒಂದೊಂದು ತೆರವಿನ ನೆನಪು ಅಡಗಿದೆ.

೩

ಒಂದು ಹಿಡುವಳಿಯ ಹೆಸರು ಇಷ್ಟು ನಿಶ್ಚಿತವಾಗಿ ಒಂದು ಮನೆತನಕ್ಕೆ ಸಲ್ಲಲು ಅಲ್ಲಿಯ ಭೂಸ್ವರೂಪವೇ ಕಾರಣ. ದಕ್ಷಿಣ ಇಂಗ್ಲೆಂಡಿನ ಬಯಲುಸೀಮೆಯಲ್ಲಿ ಮನೆಗಳೆಲ್ಲ ಚರ್ಚಿನ ಸುತ್ತ ಗುಂಪಾಗಿರುತ್ತವೆ. ಊರಿನ ಹೆಸರನ್ನು ಹೊತ್ತು ಹೊರಟವರು ಹಲವರಿರುತ್ತಾರೆ. ಪೆನೈನ್ ಇಳಿಜಾರಿನಲ್ಲಿ ನೆಲ ಬಡವಾದದ್ದು, ಮನೆಗಳು ದೂರ ದೂರ. ಒಂದು ತೆರವು, ಅದರಲ್ಲಿ ಒಂದು ಮನೆ, ಆ ಮನೆಗೆ ಒಂದು ಹೆಸರು. ವೆಸ್ಟ್ ರೈಡಿಂಗಿನ ಹೆಸರುಗಳನ್ನು ದೀರ್ಘಕಾಲ ಅಭ್ಯಾಸ ಮಾಡಿದ ಜಾರ್ಜ್ ರೆಡ್‌ಮಂಡ್ಸ್ ಅವರು ೧೯೭೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಭಾಗದ ಅನೇಕ ಹೆಸರುಗಳು ಒಂದೊಂದೇ ಕುಟುಂಬದಿಂದ ಹೊರಟು ಬೆಳೆದವೆಂಬ ವಾದವನ್ನು ಮುಂದಿಟ್ಟರು.

ಇಂಥ ಶೋಧನೆಗೆ ಅಲ್ಲಿ ದೊರೆಯುವ ಆಕರಗಳು ಹೇರಳ. ವಾರ್ಲಿಯು ವೇಕ್‌ಫೀಲ್ಡ್ ಮ್ಯಾನರ್ ಎಂಬ ವಿಶಾಲವಾದ ಜಹಗೀರಿಗೆ ಸೇರಿತ್ತು. ಅದರ ನ್ಯಾಯಸಭೆಯ ಸುರುಳಿಗಳು ೧೨೭೪ರಿಂದ ೧೯೨೫ರವರೆಗೆ ಉಳಿದುಬಂದಿವೆ. ೧೩೭೯ರ ತಲೆಗಂದಾಯದ ಪಟ್ಟಿಯು ವೆಸ್ಟ್ ರೈಡಿಂಗಿನ ಜನರನ್ನು ಊರೂರಾಗಿ ಹೆಸರಿಸುತ್ತದೆ. ೧೫೩೮ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಶವಸಂಸ್ಕಾರಗಳ ದಾಖಲೆ ಕಡ್ಡಾಯವಾಯಿತು. ೧೮೩೭ರಿಂದ ಸರ್ಕಾರವೇ ಜನನ ಮರಣಗಳ ನೋಂದಣಿಯನ್ನು ಕೈಗೊಂಡಿತು. ೧೮೯೦ರಲ್ಲಿ ಹೆನ್ರಿ ಗಪ್ಪಿ ಎಂಬ ವಿದ್ವಾಂಸರು ಮನೆತನದ ಹೆಸರುಗಳ ನೆಲೆಗಳನ್ನು ಕುರಿತು ಪುಸ್ತಕ ಬರೆದಾಗ ಒಕ್ಕಲಿಗರ ಹೆಸರುಗಳನ್ನೇ ಆರಿಸಿಕೊಂಡರು. ಹೊಲ ಉಳುವವನು ಎಲ್ಲರಿಗಿಂತ ಕಡಿಮೆ ಸ್ಥಳ ಬದಲಿಸುತ್ತಾನೆ ಎಂಬ ಅವರ ತರ್ಕ ಇಂದಿಗೂ ಬೆಲೆಯುಳ್ಳದ್ದು.

ಇನ್ನು ಈ ಹೆಸರು ಬೆಳೆದ ಬಗೆ. ಬರಿಯ ಬೇಸಾಯದಿಂದ ಹೊಟ್ಟೆ ತುಂಬದ ಆ ನೆಲದಲ್ಲಿ ಜನ ನೇಯ್ಗೆಯನ್ನು ಜೊತೆಗೂಡಿಸಿಕೊಂಡರು. ಮನೆಯಲ್ಲಿ ಮಗ್ಗ, ಹಿತ್ತಲಲ್ಲಿ ಹಸು, ಬೆಟ್ಟದ ಮೇಲೆ ಕುರಿ. ಕರ್ಸಿ ಎಂಬ ಒರಟು ಉಣ್ಣೆಬಟ್ಟೆಗೆ ಹ್ಯಾಲಿಫ್ಯಾಕ್ಸ್ ಪ್ರಸಿದ್ಧವಾಯಿತು. ಮಗ್ಗವಿದ್ದುದರಿಂದ ಸಣ್ಣ ಹಿಡುವಳಿಯೂ ಹಲವು ಗಂಡುಮಕ್ಕಳನ್ನು ಸಾಕಬಲ್ಲದಾಯಿತು. ಅವರು ದೂರದ ಸೀಮೆಗೆ ಗುಳೆ ಹೋಗದೆ ಸುತ್ತಲೇ ನೆಲೆನಿಂತರು. ಹೆಸರೂ ಸುತ್ತಲೇ ಹಬ್ಬಿತು. ಕೆಲವರು ಬಟ್ಟೆ ವ್ಯಾಪಾರದಲ್ಲಿ ಐಶ್ವರ್ಯವಂತರಾದರು. ಕೀತ್ಲಿಯ ಬಳಿಯ ಈಸ್ಟ್ ರಿಡಲ್ಸ್‌ಡನ್ ಹಾಲ್ ಎಂಬ ಕಲ್ಲಿನ ಮಹಾಗೃಹವನ್ನು ೧೬೪೦ರ ದಶಕದಲ್ಲಿ ಕಟ್ಟಿಸಿದ ಜೇಮ್ಸ್ ಮರ್ಗಟ್ರಾಯ್ಡ್ ಹ್ಯಾಲಿಫ್ಯಾಕ್ಸಿನ ಬಟ್ಟೆ ವ್ಯಾಪಾರಿ. ಕಾಡು ಕಡಿದ ಒಕ್ಕಲಿನ ಹೆಸರು ಹೀಗೆ ಸಿರಿವಂತನ ಅಂಗಳವನ್ನು ಸೇರಿತು.

ಕಾರ್ಖಾನೆಗಳ ಯುಗದಲ್ಲಿ ನೂಲುವ ಯಂತ್ರಗಳು ಕಣಿವೆಗಿಳಿದಾಗ ಬೆಟ್ಟದ ಜನರೂ ಕೆಳಗಿಳಿದರು. ಹತ್ತೊಂಬತ್ತನೆಯ ಶತಮಾನದ ಜನಗಣತಿಗಳಲ್ಲಿ ಮರ್ಗಟ್ರಾಯ್ಡರು ಹೆಚ್ಚಾಗಿ ಕಾಣುವುದು ಹ್ಯಾಲಿಫ್ಯಾಕ್ಸ್, ಬ್ರಾಡ್‌ಫರ್ಡ್, ಕೀತ್ಲಿಗಳ ಸುತ್ತ. ಬೆಟ್ಟದ ಆಚೆ ಬದಿಯ ಲ್ಯಾಂಕಶೈರಿನಲ್ಲಿ ಇನ್ನಷ್ಟು ಮಂದಿ. ಅಮೆರಿಕ, ಆಸ್ಟ್ರೇಲಿಯಗಳಿಗೂ ಕೆಲವರು ವಲಸೆ ಹೋದರು. ಆದರೆ ಹೆಸರಿನ ದಟ್ಟಣೆಯು ಐನೂರು ವರ್ಷಗಳ ಮೇಲೂ ಮೂಲಸ್ಥಾನದ ಸುತ್ತಮುತ್ತಲೇ ಉಳಿದಿತ್ತೆಂಬುದು ಗಮನಾರ್ಹ.

ನೆಲದಿಂದ ಕಳಚಿಕೊಂಡ ಹೆಸರಿನ ಗತಿಗೂ ಇದೇ ಹೆಸರು ಉದಾಹರಣೆ. ೧೮೮೭ರಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ಗಿಲ್ಬರ್ಟ್ ಮತ್ತು ಸಲಿವನ್ನರ ‘ರಡಿಗೋರ್’ ಎಂಬ ಸಂಗೀತ ವಿನೋದನಾಟಕದಲ್ಲಿ ಶಾಪಗ್ರಸ್ತ ಸರದಾರರ ವಂಶವೊಂದಕ್ಕೆ ಮರ್ಗಟ್ರಾಯ್ಡ್ ಎಂದು ಹೆಸರಿಟ್ಟರು. ನಾಟಕ ನಡೆಯುವುದು ದೇಶದ ನೈಋತ್ಯದ ತುದಿಯಾದ ಕಾರ್ನ್‌ವಾಲಿನಲ್ಲಿ! ಯಾರ್ಕ್‌ಶೈರಿನ ಒಕ್ಕಲು ತೆರವಿನ ಹೆಸರು ಅಲ್ಲಿಯ ಸರದಾರರಿಗೆ ಹೇಗೆ ಬಂತೆಂದು ನೋಟಕರಾರೂ ಕೇಳಬೇಕಾಗಿರಲಿಲ್ಲ. ಹೆಸರಿನ ಅರ್ಥ ಮರೆತುಹೋಗಿತ್ತು. ಅದರ ಗಡುಸಾದ ನಾದವಷ್ಟೇ ನಗೆಯ ಸಾಮಗ್ರಿಯಾಗಿ ಉಳಿದಿತ್ತು.

೪

ಕಳೆದ ಕೆಲವು ದಶಕಗಳಲ್ಲಿ ಈ ಅಧ್ಯಯನಕ್ಕೆ ಜೀವವಿಜ್ಞಾನದ ನೆರವೂ ಒದಗಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಇಂಗ್ಲೆಂಡಿನಲ್ಲಿ ಮನೆತನದ ಹೆಸರೂ ಹಾಗೆಯೇ. ಆದ್ದರಿಂದ ಎರಡನ್ನೂ ಜೊತೆಗಿಟ್ಟು ನೋಡಲು ಸಾಧ್ಯ. ೨೦೦೦ದಲ್ಲಿ ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ತಮ್ಮದೇ ಹೆಸರನ್ನು ಹೊತ್ತ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ಅರ್ಧಕ್ಕೆ ಸಮೀಪದವರು ಒಂದೇ ಪುರುಷಮೂಲವನ್ನು ಸೂಚಿಸುತ್ತಾರೆಂದು ತೋರಿಸಿದರು. ೨೦೦೯ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ನಲವತ್ತು ಹೆಸರುಗಳನ್ನು ಪರಿಶೀಲಿಸಿದರು. ಹೆಸರು ವಿರಳವಾದಷ್ಟೂ ಅದನ್ನು ಹೊತ್ತವರು ಒಂದೇ ಮೂಲಪುರುಷನ ಸಂತತಿಯವರಾಗಿರುವ ಸಂಭವ ಹೆಚ್ಚು. ಸ್ಮಿತ್‌ನಂಥ ಹೆಸರಿನಲ್ಲಿ ಆ ಸಂಬಂಧವೇ ಇಲ್ಲ ಎಂಬುದು ಅವರ ತೀರ್ಮಾನ.

ಆದರೂ ಹೆಸರನ್ನು ರಕ್ತದ ಪ್ರಮಾಣಪತ್ರವೆಂದು ಭಾವಿಸುವುದು ತಪ್ಪು. ೨೦೦೭ರಲ್ಲಿ ಲೆಸ್ಟರಿನ ಇದೇ ವಿದ್ವಾಂಸರ ತಂಡವು ಯಾರ್ಕ್‌ಶೈರಿನ ಇನ್ನೊಂದು ವಿರಳ ಹೆಸರಿನ ಹದಿನೆಂಟು ಗಂಡಸರನ್ನು ಪರೀಕ್ಷಿಸಿತು. ಅವರಲ್ಲಿ ಏಳು ಮಂದಿಯಲ್ಲಿ ದೊರೆತದ್ದು ಅದುವರೆಗೆ ಪಶ್ಚಿಮ ಆಫ್ರಿಕದ ಮೂಲದವರಲ್ಲಷ್ಟೇ ಕಂಡಿದ್ದ ಅತಿ ಪ್ರಾಚೀನ ವೈ ವರ್ಣತಂತುವಿನ ಕುಲ. ಅವರ ವಂಶವೃಕ್ಷಗಳು ೧೭೮೦ರ ದಶಕದ ಯಾರ್ಕ್‌ಶೈರಿನವರೆಗೂ ಹೋಗುತ್ತವೆ. ಆಫ್ರಿಕದ ಸಂಬಂಧದ ನೆನಪು ಅವರಾರಿಗೂ ಇರಲಿಲ್ಲ. ಯಾವುದೋ ಕಾಲದಲ್ಲಿ ಯಾವುದೋ ದಾರಿಯಿಂದ ಬಂದವನೊಬ್ಬನ ಸಂತತಿಯು ಆ ನೆಲದ ಹೆಸರನ್ನು ತನ್ನದಾಗಿಸಿಕೊಂಡು ಆ ನೆಲದವರೇ ಆಗಿಹೋಯಿತು. ದತ್ತಕ, ತಾಯಿಯ ಹೆಸರಿನ ಸ್ವೀಕಾರ, ಮದುವೆಯಾಚೆಗಿನ ಜನನ ಇವೆಲ್ಲವೂ ಹೆಸರು ಮತ್ತು ರಕ್ತಗಳ ದಾರಿಯನ್ನು ಬೇರೆ ಮಾಡುತ್ತವೆ. ಹೆಸರು ನಂಬಿಕೆಯಿಂದ ಹೇಳಬಲ್ಲದ್ದು ನೆಲದ ಮಾತನ್ನು. ಕುಲದ ಶುದ್ಧಿಯನ್ನು ಅದರಿಂದ ಸಾಧಿಸಹೊರಟವರಿಗೆ ಅದು ಸಾಕ್ಷಿ ನುಡಿಯದು.

೫

ಮರ್ಗಟ್ರಾಯ್ಡ್ ಹೆಸರಿನವರಲ್ಲಿ ‘ರಾಯ್ಡ್’ ಎಂಬ ಶಬ್ದದ ಅರ್ಥ ಬಲ್ಲವರು ಇಂದು ವಿರಳವಾಗಿದ್ದರೆ ಆಶ್ಚರ್ಯವಿಲ್ಲ. ಆಡುಮಾತಿನಿಂದ ಅಳಿದ ಶಬ್ದವೊಂದು ಹೆಸರಿನ ಆಶ್ರಯದಲ್ಲಿ ಬದುಕುಳಿದಿದೆ. ಹೊರನಾಡಿನ ಕನ್ನಡಿಗರಿಗೆ ಈ ಸಂಗತಿ ದೂರದ್ದಲ್ಲ. ಮುಂಬಯಿಯಲ್ಲಿ ತಲೆಮಾರುಗಳಿಂದ ನೆಲಸಿರುವ ಕರಾವಳಿಯ ಸಾರಸ್ವತ ಕುಟುಂಬಗಳಲ್ಲಿ ಪಡುಕೋಣೆ, ಕಾರ್ನಾಡ, ಹಟ್ಟಂಗಡಿ, ಮಾವಿನಕುರ್ವೆ ಎಂಬ ಹೆಸರುಗಳಿವೆ. ಎಲ್ಲವೂ ಊರ ಹೆಸರುಗಳೇ. ಚಲನಚಿತ್ರ ನಿರ್ದೇಶಕ ಗುರುದತ್ತರ ಮನೆತನದ ಹೆಸರು ಪಡುಕೋಣೆ ಎಂಬುದು ಪ್ರಸಿದ್ಧ. ‘ಪಡು’ ಎಂದರೆ ಪಶ್ಚಿಮ. ‘ಕುರ್ವೆ’ ಎಂದರೆ ಹೊಳೆಯ ನಡುಗಡ್ಡೆ. ಮಾವಿನಕುರ್ವೆಯು ಹೊನ್ನಾವರದ ಬಳಿ ಶರಾವತಿಯ ನಡುವೆ ಇದೆ. ಮನೆಮಾತು ಕೊಂಕಣಿ, ಬೀದಿಯ ಮಾತು ಮರಾಠಿ ಹಿಂದಿ, ಶಾಲೆಯ ಮಾತು ಇಂಗ್ಲಿಷ್ ಆಗಿರುವ ಮಗುವಿನ ಹೆಸರಿನ ಕೊನೆಯಲ್ಲಿ ಒಂದು ಕನ್ನಡ ಶಬ್ದ ಕುಳಿತಿರುತ್ತದೆ. ಕುರ್ತಕೋಟಿ, ಮನ್ಸೂರ, ಹಾನಗಲ್ಲ ಎಂಬ ಉತ್ತರ ಕರ್ನಾಟಕದ ಅಡ್ಡಹೆಸರುಗಳ ಮಾತೂ ಇದೇ.

ಇಂಗ್ಲೆಂಡಿನ ವಿದ್ವಾಂಸನಿಗೆ ಆರೇಳು ಶತಮಾನಗಳ ದಾಖಲೆಗಳ ಬೆಂಬಲವಿದೆ. ಈ ಹೆಸರುಗಳ ಅನೇಕ ವಿವರಗಳಾದರೋ ಇನ್ನೂ ಹಿರಿಯರ ನಾಲಗೆಯ ಮೇಲಷ್ಟೇ ಇವೆ. ಯಾವ ಊರು, ಊರಿನಲ್ಲಿ ಯಾವ ಕೇರಿ, ಮೊದಲು ಬಂದವರು ಯಾವ ವರ್ಷ, ಏನು ಕೆಲಸ ಹಿಡಿದು ಬಂದರು, ಬಂದ ಮೇಲೆ ಹೆಸರಿನ ಬರೆವಣಿಗೆ ಹೇಗೆ ಬದಲಾಯಿತು ಎಂಬ ಐದು ಪ್ರಶ್ನೆಗಳನ್ನು ಹಿಡಿದು ವಿದ್ಯಾರ್ಥಿಯೊಬ್ಬನು ತನ್ನ ಬಡಾವಣೆಯ ಮನೆಗಳಿಗೆ ಹೋದರೂ ಸಾಕು, ಒಂದು ನಕ್ಷೆಗೆ ಬೇಕಾದ ಸಾಮಗ್ರಿ ದೊರೆಯುತ್ತದೆ. ಕನ್ನಡ ಸಂಘಗಳ ಸದಸ್ಯತ್ವದ ಪುಸ್ತಕಗಳು, ಹಳೆಯ ಶಾಲೆಗಳ ದಾಖಲೆಗಳು ಉಳಿದುದನ್ನು ತುಂಬಿಕೊಟ್ಟಾವು. ವಾರ್ಲಿಯಲ್ಲಿ ಒಬ್ಬ ಕರಣಿಕ ೧೩೭೧ರಲ್ಲಿ ಒಂದು ಹೆಸರನ್ನು ಬರೆದಿಟ್ಟದ್ದರಿಂದಲೇ ಬೆಟ್ಟದ ಮೇಲಿನ ಒಂದು ತೆರವು ಇಂದಿಗೂ ಗೊತ್ತಿದೆ. ಬರೆದಿಡುವ ಆ ಕೆಲಸ ಇಲ್ಲಿ ಹಿರಿಯರು ಇರುವಾಗಲೇ ಆಗಬೇಕು.