‘ರೇನ್’ ಅಂದರೆ ಬರೀ ಮಳೆಯಲ್ಲ



ಈ ಸಲದ ಪಾಠಕ್ಕೆ ಒಂದೇ ಒಂದು ಇಂಗ್ಲಿಷ್ ಪದ ತೆಗೆದುಕೊಂಡಿದ್ದೇವೆ. ಆ ಪದ ‘ರೇನ್’. ಅಂದರೆ ಮಳೆ. ‘ಇದನ್ನ ಅಂಗನವಾಡಿ ಕೂಸೂ ಹೇಳತೈತಿ, ನಮಗ್ಯಾಕ್ರೀ ಪಾಠ?’ ಎಂದು ನೀವು ಕೇಳಬಹುದು. ಆದರೆ ಈಗ ಈ ಪದ ಮೊಬೈಲಿನ ಮೆಸೇಜಿನಲ್ಲಿ, ಟಿ.ವಿ.ಯಲ್ಲಿ, ಬ್ಯಾಂಕಿನವರ ಮಾತಿನಲ್ಲಿ, ಬೆಳೆ ವಿಮೆಯ ಕಾಗದದಲ್ಲಿ ಬರುತ್ತಿದೆ. ಒಂದೊಂದು ಕಡೆ ಒಂದೊಂದು ಅರ್ಥ. ಅರ್ಥ ತಪ್ಪಿದರೆ ಬೀಜದ ದುಡ್ಡು ಮಣ್ಣುಪಾಲಾಗುತ್ತದೆ.

ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಕ್ಕಳು ‘ಮಳೆಯೇ ಹೋಗು, ಇನ್ನೊಂದು ದಿನ ಬಾ’ ಎಂಬ ಅರ್ಥದ ಪದ್ಯ ಕಲಿತು ಬರುತ್ತಾರೆ. ನಮ್ಮ ಕಡೆ ಮಳೆ ಹೋದರೆ ಗುರ್ಜಿ ಹೊತ್ತು ಓಣಿ ಓಣಿ ತಿರುಗಿ, ತಲೆ ಮೇಲೆ ನೀರು ಹಾಕಿಸಿಕೊಂಡು ಮಳೆಯನ್ನು ಕರೆಯುತ್ತಾರೆ. ಅವರದು ಚಳಿಯ ನಾಡು, ಮಳೆ ಅವರಿಗೆ ಬೇಸರ. ಹುಲಿಹೈದರ, ಕನಕಗಿರಿ ಕಡೆಯವರಿಗೆ ಮಳೆ ಅಂದರೆ ಊಟ. ಆದ್ದರಿಂದ ಅವರ ಮಾತನ್ನು ಹಾಗೇ ತಂದು ನಮಗೆ ಹಚ್ಚಿಕೊಳ್ಳಲು ಬರುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ‘ರೇನಿ ಡೇ’. ಉಳಿತಾಯದ ತರಬೇತಿಯಲ್ಲಿ ಈ ಮಾತು ಬಂದೇ ಬರುತ್ತದೆ. ‘ರೇನಿ ಡೇಗೆ ಅಂತ ನಾಲ್ಕು ಕಾಸು ಕೂಡಿಡಿ’ ಅನ್ನುತ್ತಾರೆ. ಅಕ್ಷರಶಃ ಮಳೆಯ ದಿನ, ಅರ್ಥದಲ್ಲಿ ಕಷ್ಟದ ದಿನ, ಕೈ ಖಾಲಿಯಾದ ದಿನ. ನಮ್ಮಲ್ಲಿ ಇದು ಅರ್ಧ ಮಾತ್ರ ಸರಿ. ಮಳೆ ಜೋರಾದರೆ ಕಳೆ ತೆಗೆಯುವ ಕೂಲಿ ತಪ್ಪುತ್ತದೆ, ಅದು ಖರೆ. ಆದರೆ ದೊಡ್ಡ ಕಷ್ಟ ಬರುವುದು ಮಳೆ ಬಾರದ ದಿನ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆ ವರ್ಷ ಕೂಡಿಟ್ಟ ದುಡ್ಡು ತೆಗೆದದ್ದು ಮಳೆ ಬಿದ್ದದ್ದಕ್ಕಲ್ಲ.

ಹಾಗಾದರೆ ಸಂಘದಲ್ಲಿ ಯಾವಾಗ ಜಾಸ್ತಿ ಕೂಡಿಡಬೇಕು? ವಾರಕ್ಕೆ ಇಷ್ಟು ಎಂದು ವರ್ಷವಿಡೀ ಒಂದೇ ಮೊತ್ತ ಕಟ್ಟುವ ಪದ್ಧತಿ ಲೆಕ್ಕಕ್ಕೆ ಸುಲಭ, ಬಾಳುವೆಗೆ ಅಷ್ಟು ಸುಲಭವಲ್ಲ. ಬಿತ್ತಿದ ಮೇಲೆ ಪೀಕು ಕೈಗೆ ಬರುವ ತನಕ, ಅಂದರೆ ಜೂನ್‌ನಿಂದ ಆಗಸ್ಟ್ ತನಕ, ಮನೆಯಲ್ಲಿ ರೊಕ್ಕವೂ ಇಲ್ಲ, ಕಾಳೂ ಕಡಿಮೆ. ತೊಗರಿ, ಕಡಲೆ ಮಾರಿದ ತಿಂಗಳುಗಳಲ್ಲಿ ಕೈಯಲ್ಲಿ ಸ್ವಲ್ಪ ಇರುತ್ತದೆ. ಆಗ ನಿತ್ಯದ ಉಳಿತಾಯದ ಜೊತೆಗೆ ಇನ್ನೊಂದಿಷ್ಟು ಬೇರೆ ಖಾತೆಪುಟದಲ್ಲಿ ಬರೆದಿಟ್ಟು, ಬಿತ್ತನೆ ಹೊತ್ತಿಗೆ ಬಿಡಿಸಿಕೊಳ್ಳುವ ಠರಾವು ಮಾಡಿದರೆ ಸಾವುಕಾರನ ಬಾಗಿಲಿಗೆ ಹೋಗುವ ಸರದಿ ಒಂದಾದರೂ ತಪ್ಪೀತು.

‘ರೇನಿ ಡೇ’ಗೆ ಸರ್ಕಾರಿ ಅರ್ಥವೂ ಒಂದಿದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ತಾಸಿನಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ. ದಿನಾ ಮುಂಜಾನೆ 8.30ಕ್ಕೆ ಅಳತೆ ನೋಡುತ್ತಾರೆ. ಸೀರೆ ಸೆರಗು ತೊಯ್ದರೂ 2 ಮಿ.ಮೀ. ಬಿದ್ದಿದ್ದರೆ ಅವರ ಪುಸ್ತಕದಲ್ಲಿ ಮಳೆ ದಿನ ಇಲ್ಲ!

ಇನ್ನು ಮೊಬೈಲಿನ ವಿಷಯ. ಸಭೆಗಳಲ್ಲಿ ನಮ್ಮನ್ನು ಹೆಚ್ಚು ಕೇಳುವ ಪ್ರಶ್ನೆ ಇದೇ: ‘ಸಿಸ್ಟರ್, ನಾಳೆ ರೇನ್ 60 ಅಂತ ತೋರಿಸ್ತೈತಿ. ಅರವತ್ತು ಮಿಲಿಮೀಟರ್ ಬೀಳತೈತೇನ್ರೀ?’ ಇಲ್ಲ. ಆ ಅಂಕಿಯ ಮುಂದೆ ಶೇಕಡಾ ಗುರುತು ಇದ್ದರೆ ಅದು ಮಳೆಯ ಪ್ರಮಾಣವಲ್ಲ, ಮಳೆ ಬರುವ ಸಾಧ್ಯತೆ. ಇಂಥ ಮೋಡ, ಇಂಥ ಗಾಳಿ ಇರುವ ಹತ್ತು ದಿನಗಳಲ್ಲಿ ಆರು ದಿನ ಮಳೆಯಾಗುತ್ತದೆ, ನಾಲ್ಕು ದಿನ ಆಗುವುದಿಲ್ಲ, ಅಷ್ಟೇ. ಆ ಆರು ದಿನವೂ ಬರೀ ತುಂತುರು ಇರಬಹುದು. 60 ನೋಡಿ ಒಣಮಣ್ಣಿನಲ್ಲಿ ಸಜ್ಜೆ ಊರಿದರೆ ಇರುವೆಗೆ ಊಟ ಹಾಕಿದಂತೆ. ಮಿ.ಮೀ. ಎಂದು ಬರೆದಿದ್ದರೆ ಅದು ಪ್ರಮಾಣ. ಎರಡನ್ನೂ ನೋಡಬೇಕು, ಎಷ್ಟು ಸಾಧ್ಯತೆ, ಬಂದರೆ ಎಷ್ಟು ಬರುತ್ತದೆ ಎಂದು.

ಮೆಸೇಜಿನಲ್ಲಿ ‘ಲೈಟ್ ರೇನ್’ ಅಂದರೆ 2.5ರಿಂದ 15.5 ಮಿ.ಮೀ. ‘ಮಾಡರೇಟ್’ ಅಂದರೆ 64.4 ತನಕ. ‘ಹೆವಿ’ ಅಂದರೆ 64.5ಕ್ಕಿಂತ ಮೇಲೆ. ಹೆವಿ ಎಂದು ಬಂದ ದಿನ ಹಳ್ಳ ದಾಟುವ ಕೆಲಸ ಇಟ್ಟುಕೊಳ್ಳಬೇಡಿ, ಕುರಿಮರಿಗಳನ್ನು ತಗ್ಗಿನಲ್ಲಿ ಕಟ್ಟಬೇಡಿ. ರೇಡಿಯೋದಲ್ಲಿ ‘ಒಂದೆರಡು ಕಡೆ ಮಳೆ’ ಅಂದರೆ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೂ ಮೀರದಷ್ಟು ಕಡೆ ಎಂದು ತಿಳಿಯಬೇಕು. ನಮ್ಮ ಹೊಲ ಆ ಕಾಲಿನಲ್ಲಿ ಬೀಳುತ್ತದೋ ಉಳಿದ ಮುಕ್ಕಾಲಿನಲ್ಲೋ ಯಾರೂ ಹೇಳಲಾರರು.

ಮಿಲಿಮೀಟರ್ ಎಂಬುದನ್ನು ಕೊಡದ ಲೆಕ್ಕಕ್ಕೆ ತಂದರೆ ಬೇಗ ತಿಳಿಯುತ್ತದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ನಿಮ್ಮ ತಗಡಿನ ಮನೆ 20 ಅಡಿ ಉದ್ದ, 15 ಅಡಿ ಅಗಲ ಇದ್ದರೆ ಸುಮಾರು 28 ಚದರ ಮೀಟರ್ ಆಯಿತು. 10 ಮಿ.ಮೀ. ಮಳೆಗೆ 280 ಲೀಟರ್. ಸಿಡಿದು ಸೋರಿ ಹೋದದ್ದು ಬಿಟ್ಟರೂ 15 ಲೀಟರಿನ ಹನ್ನೆರಡು-ಹದಿಮೂರು ಕೊಡಕ್ಕೆ ಮೋಸವಿಲ್ಲ. ‘ರೇನ್ ವಾಟರ್ ಹಾರ್ವೆಸ್ಟಿಂಗ್’ ಅನ್ನುವ ದೊಡ್ಡ ಹೆಸರಿನ ಕೆಲಸ ಇಷ್ಟೇ: ಆ ನೀರನ್ನು ಪೈಪಿನಿಂದ ತೊಟ್ಟಿಗೆ ಬಿಡುವುದು. ಮೊದಲ ಮಳೆಯ ಧೂಳಿನ ನೀರು ಮಾತ್ರ ಹೊರಗೆ ಹೋಗಲಿ. ಹೊಲದಲ್ಲಾದರೆ ಎಕರೆಗೆ ಸುಮಾರು 4,000 ಚದರ ಮೀಟರ್. 25 ಮಿ.ಮೀ. ಮಳೆ ಅಂದರೆ ಎಕರೆಗೆ ಒಂದು ಲಕ್ಷ ಲೀಟರ್, ಐದು ಸಾವಿರದ ಟ್ಯಾಂಕರ್ ಇಪ್ಪತ್ತು! ಒಡ್ಡು ಇಲ್ಲದ ಹೊಲದಿಂದ ಅದೆಷ್ಟು ಹರಿದು ಹೋಗುತ್ತದೆ ಎಂದು ಮನೆಯವರ ಜೊತೆ ಕುಳಿತು ಯೋಚಿಸಿ.

ಮಳೆ ಅಳೆಯುವ ಸಾಧನಕ್ಕೆ ‘ರೇನ್ ಗೇಜ್’ ಎಂದು ಹೆಸರು. ಸಂಘದವರೇ ಒಂದು ಮಾಡಬಹುದು. ಬಾಯಿಯಿಂದ ತಳದ ತನಕ ಒಂದೇ ಅಗಲವಿರುವ, ನೆಟ್ಟಗಿನ ಸ್ಟೀಲ್ ಡಬ್ಬಿ ಸಾಕು. ಗಿಡ, ಗೋಡೆಗಳಿಂದ ದೂರ ಬಯಲಿನಲ್ಲಿ ಸಮನಾಗಿ ಇಟ್ಟು, ಮುಂಜಾನೆ ಮಗುವಿನ ಸ್ಕೇಲು ಇಳಿಸಿ ನೋಡಿ. ಡಬ್ಬಿ ದೊಡ್ಡದಿರಲಿ ಸಣ್ಣದಿರಲಿ, ನೀರಿನ ಎತ್ತರ ಒಂದೇ ಬರುತ್ತದೆ. ತಂಬಿಗೆ, ಕೊಡ ಇಡಬೇಡಿ, ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ಲೆಕ್ಕ ಸುಳ್ಳಾಗುತ್ತದೆ.

ಪತ್ರಿಕೆಯಲ್ಲಿ ‘ನಾರ್ಮಲ್ ರೇನ್’ ಎಂದು ಬರುವುದಕ್ಕೆ ‘ಚೆನ್ನಾಗಿ ಆಯಿತು’ ಎಂದರ್ಥವಲ್ಲ. ಹಲವು ವರ್ಷಗಳ ಸರಾಸರಿಗಿಂತ ಶೇ. 19ರಷ್ಟು ಹೆಚ್ಚೋ ಕಡಿಮೆಯೋ ಆದರೂ ಅದು ನಾರ್ಮಲ್. ಶೇ. 20ರಿಂದ 59ರಷ್ಟು ಕಡಿಮೆಯಾದರೆ ‘ಡೆಫಿಸಿಟ್’, ಅಂದರೆ ಕೊರತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಬೀಳುತ್ತದೆ, ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸುಮಾರು 600. ಅಲ್ಲಿನ ನಾರ್ಮಲ್ ಬೇರೆ, ನಮ್ಮದು ಬೇರೆ. ಒಟ್ಟು ಲೆಕ್ಕ ನಾರ್ಮಲ್ ಇದ್ದೂ ನಡುವೆ ನಾಲ್ಕು ವಾರ ಹನಿ ಇಲ್ಲದೆ ಪೈರು ಒಣಗುವುದುಂಟು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ವರ್ಷಕ್ಕೆ ಎಷ್ಟು ಎಂದು ಅವರು ಕೇಳಲಿಲ್ಲ, ಯಾವ ಮಳೆ ಆಯಿತು ಎಂದು ಕೇಳಿದರು. ರೋಹಿಣಿ, ಮಿರಗ, ಆರಿದ್ರಾ, ಹುಬ್ಬಿ, ಉತ್ತರಿ ಎಂದು ಹದಿಮೂರು-ಹದಿನಾಲ್ಕು ದಿನಕ್ಕೊಂದು ಹೆಸರು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆ ಹುಟ್ಟಿದ್ದು ಹೀಗೆ. ಇಂಗ್ಲಿಷಿನ ‘ರೇನ್’ಗೆ ಈ ಬಳಗ ಇಲ್ಲ.

ಕೊನೆಯದಾಗಿ ವಿಮೆ ಕಾಗದದ ‘ಅನ್‌ಸೀಜನಲ್ ರೇನ್’, ಅಕಾಲಿಕ ಮಳೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತರ ಪಾಲು ವಿಮೆ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕು ಹಾಳಾದರೂ ಪರಿಹಾರ ಕೇಳಬಹುದು. ಇದು ಬಹಳ ಮನೆಗಳಿಗೆ ಗೊತ್ತಿಲ್ಲ. ಆದರೆ 72 ತಾಸಿನೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಗಂಡಸರು ಊರಲ್ಲಿಲ್ಲ, ಬಂದ ಮೇಲೆ ನೋಡೋಣ ಎಂದು ಕುಂತರೆ ಮೂರು ದಿನ ಮುಗಿದೇ ಹೋಗುತ್ತದೆ. ಆದ್ದರಿಂದ ಪಹಣಿ, ಬ್ಯಾಂಕ್ ಪಾಸ್‌ಬುಕ್, ವಿಮೆ ಕಟ್ಟಿದ ರಸೀದಿ ಈ ಮೂರರ ನಕಲು ಮನೆಯಲ್ಲಿ ನಿಮ್ಮ ಕೈಗೆ ಸಿಗುವ ಜಾಗದಲ್ಲಿರಲಿ. ಮುಂದಿನ ಸಭೆಗೆ ಬರುವಾಗ ರಸೀದಿ ತನ್ನಿ, ಬೆಳೆಯ ಹೆಸರು ಮತ್ತು ಸರ್ವೆ ನಂಬರು ಸರಿ ಇದೆಯೇ ಎಂದು ಓದು ಬಲ್ಲ ಸದಸ್ಯೆಯರಿಂದ ಓದಿಸಿ ನೋಡಿ.