ಮೊದಲು ಬಂದ ಅಲೆ, ಹಿಂದುಳಿದ ಅಲೆ

ಭಟ್ಕಳ, ಹೊನ್ನಾವರ, ಕುಮಟಾದ ಕಡಲಂಚಿನವರಿಗೆ ಈ ಪಾಠದ ಅರ್ಧ ಆಗಲೇ ಗೊತ್ತು. ಗಾಳಿಯೇ ಇಲ್ಲದ ದಿನವೂ ಕಾಸರಕೋಡಿನ ದಂಡೆಗೆ ದೊಡ್ಡ ತೆರೆ ಬಂದು ಬಡಿಯುವುದುಂಟು. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ ಎದ್ದ ಬಿರುಗಾಳಿ ಕಳಿಸಿದ ತೆರೆ ಅದು. ಆಳ ಸಮುದ್ರದಲ್ಲಿ ಉದ್ದ ತೆರೆ ಮುಂದೆ ಓಡುತ್ತದೆ, ಗಿಡ್ಡ ತೆರೆ ಹಿಂದುಳಿಯುತ್ತದೆ. ಹಾಗಾಗಿ ದಂಡೆಯಲ್ಲಿ ಗಡಿಯಾರ ಹಿಡಿದು ಕೂತರೆ, ಮೊದಲು ತೆರೆಗೂ ತೆರೆಗೂ ನಡುವೆ ಹೆಚ್ಚು ಸೆಕೆಂಡು. ದಿನ ಕಳೆದಂತೆ ಕಡಿಮೆ. ಈ ಇಳಿತ ಎಷ್ಟು ನಿಧಾನವೋ ಬಿರುಗಾಳಿ ಎದ್ದದ್ದು ಅಷ್ಟು ದೂರದಲ್ಲಿ.

ಕ್ಷಿಪ್ರ ರೇಡಿಯೊ ಸ್ಫೋಟವನ್ನೂ ಹೀಗೇ ಓದುತ್ತಾರೆ. ದೂರದ ಗೆಲಾಕ್ಸಿಯಿಂದ ಬರುವ ಈ ಮಿಡಿತ ಇರುವುದು ಕೆಲವೇ ಮಿಲಿಸೆಕೆಂಡು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ 2001ರಲ್ಲಿ ದಾಖಲಿಸಿದ್ದ ಮೊದಲನೆಯದು, ಹಳೆಯ ದತ್ತಾಂಶ ಜಾಲಾಡುವಾಗ ಸಿಕ್ಕಿ 2007ರಲ್ಲಿ ಪ್ರಕಟವಾಯಿತು.

ಇಲ್ಲಿ ಕ್ರಮ ಮಾತ್ರ ತಿರುಗುಮುರುಗು: ಗಿಡ್ಡ ಅಲೆ ಮೊದಲು, ಉದ್ದ ಅಲೆ ಆಮೇಲೆ. ಪೂರ್ತಿ ಖಾಲಿ ಜಾಗವಾಗಿದ್ದರೆ ಎರಡೂ ಒಟ್ಟಿಗೇ ಬರಬೇಕಿತ್ತು. ದಾರಿಯಲ್ಲಿ ಚದುರಿರುವ ಎಲೆಕ್ಟ್ರಾನುಗಳು ಉದ್ದ ಅಲೆಯನ್ನು ಹೆಚ್ಚು ತಡೆಯುತ್ತವೆ. ಎರಡರ ನಡುವಿನ ತಡ ಅಳೆದರೆ, ದಾರಿಯುದ್ದಕ್ಕೂ ಎಷ್ಟು ಎಲೆಕ್ಟ್ರಾನು ಎದುರಾದವು ಎಂಬ ಲೆಕ್ಕ ಸಿಗುತ್ತದೆ. ಹೊಸಬರು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಎಲೆಕ್ಟ್ರಾನುಗಳ ಈ ಎಣಿಕೆ ಒಂದು ಹಳೆಯ ಒಗಟನ್ನು ಬಿಡಿಸಿತು. ಮಹಾಸ್ಫೋಟದ ಲೆಕ್ಕ ಹೇಳುವಷ್ಟು ಸಾಮಾನ್ಯ ದ್ರವ್ಯ ನಕ್ಷತ್ರ, ಗೆಲಾಕ್ಸಿಗಳಲ್ಲಿ ಬಹುಕಾಲ ಸಿಕ್ಕಿರಲಿಲ್ಲ. 2020ರಲ್ಲಿ ಜೀನ್-ಪಿಯೆರ್ ಮ್ಯಾಕ್ವಾರ್ಟ್ ಅವರ ತಂಡ, ತವರು ಗೆಲಾಕ್ಸಿ ಗೊತ್ತಾದ ಬೆರಳೆಣಿಕೆಯ ಸ್ಫೋಟಗಳ ತಡವನ್ನು ಅವುಗಳ ದೂರದೊಡನೆ ಹೋಲಿಸಿ ನೋಡಿತು. ಕಾಣೆಯಾದದ್ದು ಗೆಲಾಕ್ಸಿಗಳ ನಡುವೆ ತೆಳುವಾಗಿ ಹರಡಿಕೊಂಡಿತ್ತು! ನನ್ನ ಮಟ್ಟಿಗೆ ಈ ವಿದ್ಯೆಯ ದೊಡ್ಡ ಗಳಿಕೆ ಇದೇ.

ಸ್ಫೋಟ ಹುಟ್ಟುವುದೆಲ್ಲಿ? ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಅವರಿದ್ದ ತಂಡ ಅಮೆರಿಕದಲ್ಲಿ ದೊಡ್ಡ ಬಕೆಟ್ಟಿನಷ್ಟೇ ಇರುವ ಆಂಟೆನಾಗಳನ್ನು ಇಟ್ಟು ಕಾದಿತ್ತು. 2020ರ ಏಪ್ರಿಲ್ 28ರಂದು ನಮ್ಮದೇ ಆಕಾಶಗಂಗೆಯ ಒಂದು ಮ್ಯಾಗ್ನೆಟಾರ್, ಅಂದರೆ ಅತಿಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ, ಅಂಥದೇ ಮಿಡಿತ ಕಳಿಸಿತು. ಆ ಆಂಟೆನಾಗಳ ಜೊತೆಗೆ ಕೆನಡಾದ ಚೈಮ್ ದೂರದರ್ಶಕವೂ ಅದನ್ನು ಹಿಡಿಯಿತು.

2022ರಲ್ಲಿ ಸಿಕ್ಕ ಒಂದು ಸ್ಫೋಟ ನಮ್ಮನ್ನು ತಲುಪಲು ಸುಮಾರು 800 ಕೋಟಿ ವರ್ಷ ತೆಗೆದುಕೊಂಡಿದೆ. ಅಷ್ಟು ಹಿಂದಿನ ವಿಶ್ವದ ದ್ರವ್ಯದ ಗುರುತು ಅದರ ತಡದಲ್ಲಿದೆ.

ದೊಡ್ಡ ಅಲೆಗಳ ಎಚ್ಚರಿಕೆ ಇಲ್ಲದ ದಿನ ಮಕ್ಕಳನ್ನು ದಂಡೆಗೆ ಕರೆದೊಯ್ದು, ನೀರಿನಿಂದ ದೂರ ಕೂರಿಸಿ, ತೆರೆಗಳ ನಡುವಿನ ಸೆಕೆಂಡು ಎಣಿಸಿ ಬರೆದಿಡಿ. ಮರುದಿನ ಅದೇ ಜಾಗದಲ್ಲಿ ಮತ್ತೆ ಎಣಿಸಿ.