ಕೇಳುವ ಮೊದಲೇ ಲೆಕ್ಕ ಕೊಡಿ: ಪಂಚಾಯಿತಿ ಕಚೇರಿ ಕಲಿಸಿದ ಏಳು ಪಾಠಗಳು

ಹಳ್ಳಿಯ ಬಹುಪಾಲು ಜನ ಸರ್ಕಾರವನ್ನು ಕಣ್ಣಾರೆ ಕಾಣುವುದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ. ಅಲ್ಲಿ ಮೋಸ ಕಂಡವರು ಬೆಂಗಳೂರನ್ನೂ ನಂಬುವುದಿಲ್ಲ, ದೆಹಲಿಯನ್ನೂ ನಂಬುವುದಿಲ್ಲ. ಬಯಲುಸೀಮೆಯ ಹಲವು ಪಂಚಾಯಿತಿಗಳಲ್ಲಿ ಅಭಿವೃದ್ಧಿ ಅಧಿಕಾರಿಯಾಗಿ ದುಡಿದ ನನಗೆ ಹೋದಲ್ಲೆಲ್ಲ ಮೊದಲು ಕೇಳಿಸಿದ್ದು ಒಂದೇ ಮಾತು: "ಬಂದಿದ್ದೆಲ್ಲ ತಿಂದು ಹಾಕ್ತಾರೆ ಸ್ವಾಮಿ." ಆ ಮಾತನ್ನು ಕಡಿಮೆ ಮಾಡುವ ದಾರಿ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಲೆಕ್ಕವನ್ನು ಜನ ಸೇರುವ ಕಡೆ ಬರೆಸಿ

ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಕಲಂ, 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಹೇಳುತ್ತದೆ. ಅನೇಕ ಕಚೇರಿಗಳಲ್ಲಿ ಇದು ಬೀರುವಿನಲ್ಲಿ ಕೂತ ಒಂದು ಫೈಲಿಗೆ ಮುಗಿಯುತ್ತದೆ. ಹಾಲಿನ ಡೈರಿಯ ಗೋಡೆ, ಶಾಲೆಯ ಕಾಂಪೌಂಡು, ನ್ಯಾಯಬೆಲೆ ಅಂಗಡಿಯ ಎದುರು ಬರೆಸಿದರೆ ಊರು ಓದುತ್ತದೆ. "ಸಿಸಿ ರಸ್ತೆ, ಇಷ್ಟು ಲಕ್ಷ" ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ರಸ್ತೆಯ ಉದ್ದ, ಅಗಲ, ದಪ್ಪ, ಗುತ್ತಿಗೆದಾರರ ಹೆಸರು, ಬಿಲ್ ಪಾವತಿಯಾದ ದಿನ ಎಲ್ಲವೂ ಇರಬೇಕು. ಆಗ ಹೈಸ್ಕೂಲು ಓದುವ ಹುಡುಗಿಯೂ ಟೇಪು ಹಿಡಿದು ರಸ್ತೆ ಅಳೆದು ನೋಡಬಲ್ಲಳು.

2. ಕೋರಂಗಾಗಿ ಸಹಿ ಸಂಗ್ರಹಿಸಬೇಡಿ

ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಬೇಕು. ಬಂದವರಲ್ಲಿ ಕನಿಷ್ಠ ಶೇ. 30ರಷ್ಟು ಮಹಿಳೆಯರಿರಬೇಕು. ಜನ ಬರುವುದಿಲ್ಲವೆಂದು ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸುವ ರೂಢಿ ಕೆಲವೆಡೆ ಇದೆ. ಆ ಸಹಿಯಿಂದ ನಡಾವಳಿ ತುಂಬುತ್ತದೆ, ಆದರೆ ಸಹಿ ಹಾಕಿದ ಪ್ರತಿಯೊಬ್ಬರಿಗೂ ಪಂಚಾಯಿತಿ ಸುಳ್ಳು ಹೇಳುತ್ತದೆಂಬುದು ಗೊತ್ತಾಗಿಬಿಡುತ್ತದೆ.

ಜನರನ್ನು ಕರೆಸುವ ಉಪಾಯ ಸರಳವಾಗಿದೆ. ಸಂತೆಯ ದಿನ ಬೇಡ, ಬಿತ್ತನೆ ಕೊಯ್ಲಿನ ವಾರ ಬೇಡ. ಕೂಲಿಗೆ ಹೋದವರು ಮರಳುವ ಹೊತ್ತಿಗೆ ಸಭೆ ಇಡಿ. ಕಸದ ಗಾಡಿಯ ಮೈಕಿನಲ್ಲಿ ಮೂರು ದಿನ ಮೊದಲೇ ಸಾರಿಸಿ. ವಾರ್ಡ್ ಸಭೆಗಳನ್ನು ಮೊದಲು ಮುಗಿಸಿ, ಅಲ್ಲಿ ಬಂದ ಬೇಡಿಕೆಗಳ ಪಟ್ಟಿ ಹಿಡಿದೇ ಗ್ರಾಮಸಭೆಗೆ ಬನ್ನಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸದೆ ಮುಂದಿನ ಸಾಲಿಗೆ ಕರೆಯಿರಿ.

3. ಹಿಂದಿನ ಸಭೆಯ ಮಾತಿನಿಂದಲೇ ಶುರು ಮಾಡಿ

ಸ್ವಾಗತ, ಹಾರ, ಭಾಷಣ ಎಲ್ಲ ಆಮೇಲೆ. ಕಳೆದ ಸಭೆಯಲ್ಲಿ ಏನು ತೀರ್ಮಾನವಾಗಿತ್ತು, ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬ ಅನುಪಾಲನಾ ವರದಿಯನ್ನು ಮೊದಲು ಓದಿ. ಆಗದಿರುವುದನ್ನು ಆಗಿಲ್ಲವೆಂದೇ ಹೇಳಿ. ಬೋರ್‌ವೆಲ್ ಬತ್ತಿದೆ, ಅನುದಾನ ಬಂದಿಲ್ಲ ಎಂದು ನೇರವಾಗಿ ಹೇಳಿದರೆ ಜನ ಬೈದರೂ ಒಪ್ಪುತ್ತಾರೆ.

4. ಬಿಲ್ಲನ್ನು ಗಟ್ಟಿಯಾಗಿ ಓದಿ

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಲ್ಲಿ ಆರಂಭಿಸಿದ ಜನಸುನವಾಯಿಗಳಲ್ಲಿ ಮಾಡಿದ್ದು ಇದನ್ನೇ. ಕಾಮಗಾರಿಯ ಬಿಲ್ಲು, ಕೂಲಿಕಾರರ ಹಾಜರಿ ಪಟ್ಟಿಗಳನ್ನು ಊರವರ ಮುಂದೆ ಓದಿಸಿದರು. ಅಲ್ಲಿ ಹುಟ್ಟಿದ ಒತ್ತಾಯವೇ ಮುಂದೆ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ, ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ನಡೆಸುವ ಹೊಣೆಯನ್ನು ಗ್ರಾಮಸಭೆಗೇ ವಹಿಸಿತು.

ಇದರ ಬಲ ಹೆಸರುಗಳಲ್ಲಿದೆ. ಚೆಕ್‌ಡ್ಯಾಮಿನ ಕೆಲಸಕ್ಕೆ ಯಾರು ಬಂದಿದ್ದರು, ಯಾರು ಊರಲ್ಲೇ ಇರಲಿಲ್ಲ ಎಂಬುದು ಯಾವ ಆಡಿಟರಿಗಿಂತಲೂ ಚೆನ್ನಾಗಿ ಅಕ್ಕಪಕ್ಕ ಮಣ್ಣು ಹೊತ್ತವರಿಗೆ ಗೊತ್ತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ಹಿಗ್ಗಿಸಿರುವುದು ಈ ಕಾರಣಕ್ಕೇ ನನ್ನನ್ನು ಕಳವಳಕ್ಕೆ ಈಡುಮಾಡಿದೆ. ಫಲಾನುಭವಿಗಳ ಹೆಸರು ಮರೆಯಾದರೆ ಪರಿಶೋಧನೆಯಲ್ಲಿ ಉಳಿಯುವುದು ಬರೀ ಮೊತ್ತ.

5. "ಇಲ್ಲ" ಎನ್ನುವುದಕ್ಕೂ ಕಾರಣ ಬರೆದುಕೊಡಿ

ಮನೆ ಹಂಚಿಕೆಯಷ್ಟು ಜಗಳ ತರುವ ವಿಷಯ ಪಂಚಾಯಿತಿಯಲ್ಲಿ ಇನ್ನೊಂದಿಲ್ಲ. ಆಯ್ಕೆಯಾದವರ ಪಟ್ಟಿಯ ಪಕ್ಕದಲ್ಲೇ ಆಯ್ಕೆಯಾಗದವರ ಪಟ್ಟಿಯನ್ನೂ ಕಾರಣ ಸಮೇತ ಅಂಟಿಸಬೇಕು: ನಿವೇಶನದ ದಾಖಲೆ ಇಲ್ಲ, ಹಿಂದೆ ಮನೆ ಪಡೆದಿದ್ದಾರೆ, ಈ ಬಾರಿಯ ಗುರಿ ಮುಗಿದಿದೆ. ಕಾರಣ ತಿಳಿದವರು ದಾಖಲೆ ಸರಿಮಾಡಿಕೊಂಡು ಮುಂದಿನ ಸಲ ಬರುತ್ತಾರೆ. ಕಾರಣ ತಿಳಿಯದವರು ದುಡ್ಡು ಕೊಡದ್ದಕ್ಕೇ ಹೀಗಾಯಿತೆಂದು ತಿಳಿಯುತ್ತಾರೆ.

2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆಯ ಸತ್ವವೂ ಇದೇ. ಅರ್ಜಿ ಕೊಟ್ಟವರ ಕೈಗೆ 15 ಅಂಕಿಗಳ ಸಂಖ್ಯೆ, ಕೆಲಸ ಮುಗಿಯಬೇಕಾದ ದಿನಾಂಕ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು. ಆದರೆ ಕೈಕಟ್ಟಿ ನಿಲ್ಲುತ್ತಿದ್ದ ರೈತರು "ದಿನ ದಾಟಿದೆ ಸಾರ್" ಎಂದು ಕೇಳುವಂತಾದರು.

6. ಅರ್ಜಿ ಹಾಕಿದವರನ್ನು ಶತ್ರುವೆಂದು ನೋಡಬೇಡಿ

ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ದಂಡ. ಈ ಭಯಕ್ಕೆ ಅರ್ಧಂಬರ್ಧ ಉತ್ತರ ಬರೆಯುವ ಬದಲು, ಅರ್ಜಿದಾರರನ್ನು ಕೂರಿಸಿ ಫೈಲನ್ನೇ ತೋರಿಸಿ. ದಾಖಲೆ ಪರಿಶೀಲಿಸುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಮಾಹಿತಿ ಪಡೆದು ಬೆದರಿಸಿ ಹಣ ಕೀಳುವವರೂ ಇದ್ದಾರೆ, ನಿಜ. ಅವರ ವ್ಯಾಪಾರ ನಿಂತಿರುವುದು ನಾವು ಮುಚ್ಚಿಟ್ಟದ್ದರ ಮೇಲೆ. ಊರಿಗೆಲ್ಲ ಗೊತ್ತಿರುವ ಲೆಕ್ಕ ಹಿಡಿದು ಯಾರೂ ಬೆದರಿಸಲಾರರು.

7. ಒಳ್ಳೆಯ ಅಧಿಕಾರಿಗೂ ಕಾವಲು ಬೇಕು

ವರ್ಗಾವಣೆಯಾದ ಮರುದಿನವೇ ಗೋಡೆಯ ಲೆಕ್ಕ ನಿಂತುಹೋದರೆ ಅದು ಸುಧಾರಣೆಯಲ್ಲ. ಪ್ರತಿಯೊಂದು ಪದ್ಧತಿಯನ್ನೂ ಪಂಚಾಯಿತಿಯ ಠರಾವಿನಲ್ಲಿ ದಾಖಲಿಸಿ, ಪ್ರತಿವರ್ಷದ ಜಮಾಬಂದಿಯಲ್ಲಿ ಪರಿಶೀಲನೆಗೆ ಒಳಪಡಿಸಿ. ಮೇಲಿನ ಸಂಸ್ಥೆಗಳಿಗೂ ಇದೇ ಮಾತು ಅನ್ವಯ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಳ್ಳಲಾಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಸರ್ಕಾರದ ಕೈಯೊಳಗಿನ ಕಾವಲನ್ನು ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಹೊಸದಾಗಿ ಪಂಚಾಯಿತಿಗೆ ಬಂದಿರುವ ಅಧಿಕಾರಿಗಳಲ್ಲಿ, ಸದಸ್ಯರಲ್ಲಿ ನನ್ನ ಮನವಿ ಇಷ್ಟೇ: ಹೊಸ ಕಾನೂನಿಗೆ ಕಾಯಬೇಡಿ, ಇರುವ ಕಾನೂನನ್ನು ಪೂರ್ತಿ ನಡೆಸಿ. ಓದುಗರೂ ತಮ್ಮೂರಿನ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಲಿ, ಹಿಂದಿನ ಸಭೆಯ ನಡಾವಳಿಯನ್ನು ಓದಿಸಲಿ. ಕೇಳುವ ಜನ ಎದುರಿಗೆ ಕೂತಿದ್ದರೆ ಲೆಕ್ಕ ಕೊಡುವ ಅಧಿಕಾರಿಗೂ ಬಲ ಬರುತ್ತದೆ.